ನಾಟಕ ಬರೆದೋರು ಯಾರಣ್ಣ?

ಹೋದ ವರ್ಷ ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿಗೆ 'ಕುರುಕ್ಷೇತ್ರ' ನಾಟಕದ ಸುದ್ದಿ ಮಾಡಲು ಹೋಗಿದ್ದೆ. ರಾತ್ರಿ ಹತ್ತೂವರೆ. ಸೀನರಿಯವರು ಇನ್ನೂ ಪರದೆ ಕಟ್ಟುತ್ತಿದ್ದರು. ಸ್ಟೇಜಿನ ಪಕ್ಕ ನಿಲ್ಲಿಸಿದ್ದ ಫ್ಲೆಕ್ಸ್ ನೋಡಿಕೊಂಡು ಹೆಸರು ಬರೆದುಕೊಳ್ಳುತ್ತಿದ್ದೆ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಕಿರೀಟ ಕೊಡಿಸಿದವರು, ಊಟದ ದಾನಿಗಳು, ಹಾರ್ಮೋನಿಯಂ ಮೇಷ್ಟ್ರು, ತಬಲ, ದುರ್ಯೋಧನ, ಭೀಮ, ಇಬ್ಬರು ಕೃಷ್ಣರು. ಎಲ್ಲಾ ಸೇರಿ ಅರವತ್ತರ ಮೇಲಿತ್ತು.

ಪಕ್ಕದಲ್ಲಿ ನಿಂತು ನನ್ನ ಪುಸ್ತಕದೊಳಗೆ ಇಣುಕುತ್ತಿದ್ದ ಒಬ್ಬ ಹುಡುಗ, ಹೈಸ್ಕೂಲಿನವನಿರಬೇಕು, ಕೇಳಿದ: 'ಅಣ್ಣ, ನಾಟಕ ಬರೆದೋರು ಯಾರಣ್ಣ?'

'ವ್ಯಾಸರು ಕಣಪ್ಪ' ಅಂದೆ.

'ಅದು ಮಹಾಭಾರತ. ಈ ನಾಟಕ ಬರೆದೋರು?'

ಫ್ಲೆಕ್ಸ್ ಮೇಲಿಂದ ಕೆಳಗೆ ಇನ್ನೊಂದು ಸಲ ನೋಡಿದೆ. ಆ ಹೆಸರು ಇರಲಿಲ್ಲ. ಹಾರ್ಮೋನಿಯಂ ಮೇಷ್ಟ್ರನ್ನ ಕೇಳಿದೆ. ಅವರು ತಮ್ಮ ಪುಸ್ತಕ ತೋರಿಸಿದರು. ಅದಕ್ಕೆ ರಟ್ಟೂ ಇಲ್ಲ, ಮೊದಲ ಹಾಳೆಯೂ ಇಲ್ಲ. 'ನಮ್ಮ ಮೇಷ್ಟ್ರು ಕೊಟ್ಟಿದ್ದು, ಅವರಿಗೆ ಅವರ ಮೇಷ್ಟ್ರು' ಅಂದರು.

ಮನೆಗೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಎದ್ದು ನನ್ನ ಹಳೇ ಪೇಪರ್ ಕಟಿಂಗ್ ಫೈಲು ತೆಗೆದೆ. ಈ ಮೂರು ತಾಲ್ಲೂಕಿನಲ್ಲಿ ನಾನು ಮಾಡಿದ ನಾಟಕದ ಸುದ್ದಿಗಳಿಗೆ ಲೆಕ್ಕ ಇಲ್ಲ. ಒಂದರಲ್ಲೂ ನಾಟಕಕಾರರ ಹೆಸರಿಲ್ಲ. ಯಾರು, ಏನು, ಎಲ್ಲಿ, ಯಾವಾಗ ಅಂತ ಡಿಪ್ಲೊಮಾದಲ್ಲಿ ಬಾಯಿಪಾಠ ಮಾಡಿದ್ದೇ ಬಂತು. ಮೊದಲನೇ 'ಯಾರು' ಅನ್ನೋದೇ ನನ್ನಲ್ಲಿ ತಪ್ಪಿಹೋಗಿತ್ತು.

ನಮ್ಮ ಜಿಲ್ಲೆಯಲ್ಲಿ ಈ ತಪ್ಪು ಆಗಬಾರದಿತ್ತು. ತಿಪಟೂರಿನಲ್ಲಿ ಬೆಂಗಳೂರು ಕಡೆಯ ರೈಲು ಹತ್ತಿದರೆ ತುಮಕೂರಿಗಿಂತ ಮೊದಲು ಗುಬ್ಬಿ ಸಿಗುತ್ತೆ. 1884ರಲ್ಲಿ ಆ ಊರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನ ವೀರಣ್ಣನವರು ದೇಶಕ್ಕೇ ಗೊತ್ತಾಗೋ ಹಾಗೆ ಬೆಳೆಸಿದರು. ಅವರ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ, ಕುದುರೆ ರಂಗದ ಮೇಲೆ ಬರುತ್ತಿದ್ದವು ಅನ್ನೋದನ್ನ ನಮ್ಮಲ್ಲಿ ಅಜ್ಜಂದಿರು ಈಗಲೂ ಹೇಳ್ತಾರೆ. ಆ ನಾಟಕ ಬರೆದವರು ಬಿ. ಪುಟ್ಟಸ್ವಾಮಯ್ಯ. ಬಸವಣ್ಣನವರ ಕಾಲದ ಮೇಲೆ 'ಕ್ರಾಂತಿ ಕಲ್ಯಾಣ' ಕಾದಂಬರಿ ಬರೆದು 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರೂ ಇವರೇ. ಆನೆ ನೆನಪಿದೆ, ವೀರಣ್ಣನವರು ನೆನಪಿದ್ದಾರೆ, ಬರೆದವರು ಮರೆತುಹೋಗಿದ್ದಾರೆ. ಹಳ್ಳಿಗಳಲ್ಲಿ ಆಡೋ ಕುರುಕ್ಷೇತ್ರ ಅವರದ್ದೇ ಅಂತ ನಾನು ಹೇಳ್ತಿಲ್ಲ. ಎಷ್ಟೋ ಕೈ ದಾಟಿ, ಒಬ್ಬೊಬ್ಬ ಮೇಷ್ಟ್ರು ಒಂದೊಂದು ಕಂದ ಸೇರಿಸಿ, ಇನ್ನೊಂದು ಬಿಟ್ಟು ಬೆಳೆದ ಪಠ್ಯಗಳು ಅವು.

ಇಷ್ಟೇ ಆಗಿದ್ದರೆ ಇದನ್ನ ಬರೆಯುತ್ತಿರಲಿಲ್ಲ. ಆ ಫೈಲಿನಲ್ಲಿ 2023ರ ಒಂದು ಕಟಿಂಗ್ ಸಿಕ್ಕಿತು. ನಾಲ್ಕೇ ಸಾಲು.

ಆ ವರ್ಷ ನಮ್ಮ ಕಡೆ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಿ. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಕಟ್ಟಿತ್ತು. ತಿಪಟೂರು ಮಾರುಕಟ್ಟೆಯಲ್ಲಿ ಅದರ ಹತ್ತಿರಕ್ಕೂ ಬೆಲೆ ಬರುತ್ತಿರಲಿಲ್ಲ. ನಫೆಡ್ ಕೇಂದ್ರದ ಮುಂದೆ ಸರದಿ, ರಸ್ತೆಯಲ್ಲಿ ಧರಣಿ. ನಾನು ದಿನಾ ಅದೇ ಸುದ್ದಿ ಕಳಿಸುತ್ತಿದ್ದೆ.

ಆಗ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ನನ್ನ ಗೆಳೆಯನೊಬ್ಬ, ಸ್ಕೂಲ್ ಮೇಷ್ಟ್ರು, ಒಂದು ಗಂಟೆಯ ನಾಟಕ ಬರೆದ. ಇಡೀ ನಾಟಕ ನಡೆಯೋದು ಒಂದು ಅಟ್ಟದ ಕೆಳಗೆ. ಗೊತ್ತಲ್ಲ, ಕಾಯಿ ಕೆಡವಿದ ಮೇಲೆ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಕಾಯಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ನಾಟಕದಲ್ಲಿ ಅಪ್ಪ ದಿನಾ ಏಣಿ ಹತ್ತಿ ಒಂದು ಕಾಯಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸ್ತಾನೆ. ಕಾಯಿ ಆಗಿದೆ, ಬೆಲೆ ಇಲ್ಲ. ಕೆಳಗೆ ಮಗಳ ಮದುವೆ ಮಾತು ನಿಂತಿದೆ. ಅವ್ವ ಒಂದು ಸಲ ಅಂತಾಳೆ: 'ನಿನ್ ಕಾಯಾರ ಒಣುಗ್ತು. ನನ್ ಮಗ್ಳು ಇನ್ನೆಷ್ಟು ದಿನ ಒಣುಗ್ಬೇಕು?'

ಒಂದೇ ಪ್ರಯೋಗ. ಶಾಲೆಯ ಅಂಗಳ, ಎರಡು ಫೋಕಸ್ ಲೈಟು, ಅರವತ್ತು ಜನ ಇದ್ದಿರಬಹುದು. ಆ ಮಾತು ಬಂದಾಗ ನನ್ನ ಪಕ್ಕ ಕೂತಿದ್ದ ಅಜ್ಜಿ ಸೆರಗು ಬಾಯಿಗೆ ಇಟ್ಟುಕೊಂಡರು. ನಾನು ನೋಡಿದೆ. ನೋಡಿಯೂ, ಮನೆಗೆ ಬಂದು 'ಕೊಬ್ಬರಿ ಬೆಲೆ ಕುಸಿತ ಕುರಿತ ನಾಟಕ ಪ್ರದರ್ಶನ' ಅಂತ ಹೆಡ್ಡಿಂಗ್ ಕೊಟ್ಟು, ಉದ್ಘಾಟಿಸಿದವರ ಭಾಷಣ ಮೂರು ಸಾಲು, ಹಾಜರಿದ್ದವರ ಹೆಸರು ಒಂದು ಸಾಲು ಬರೆದು ಕಳಿಸಿದೆ. ಗೆಳೆಯನ ಹೆಸರು ಹಾಕಲಿಲ್ಲ. ಬೇಕೂಂತ ಬಿಟ್ಟಿದ್ದಲ್ಲ, ಹೊಳೆಯಲೇ ಇಲ್ಲ. ಬೇಕೂಂತ ಬಿಟ್ಟಿದ್ದರೂ ಇಷ್ಟು ಬೇಜಾರು ಆಗುತ್ತಿರಲಿಲ್ಲವೇನೋ.

ಅವನು ಏನೂ ಅನ್ನಲಿಲ್ಲ. ಆಮೇಲೆ ಎರಡನೇ ನಾಟಕವನ್ನೂ ಬರೆಯಲಿಲ್ಲ.

ಹೊಸ ನಾಟಕ ಯಾಕೆ ನಮ್ಮಲ್ಲಿ ನಿಲ್ಲಲ್ಲ ಅಂತ ಊರಿನವರನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಹಳ್ಳಿ ನಾಟಕದ ಲೆಕ್ಕವೇ ಬೇರೆ. ಅಲ್ಲಿ ಪಾತ್ರ ಮಾಡೋನೇ ದುಡ್ಡು ಕಟ್ಟಬೇಕು. ದುರ್ಯೋಧನನಿಗೆ ಒಂದು ರೇಟು, ಸೈನಿಕನಿಗೆ ಒಂದು ರೇಟು. ಮೂರು ತಿಂಗಳು ತಾಲೀಮು, ಮೇಷ್ಟ್ರ ಸಂಬಳ, ಡ್ರೆಸ್ಸು, ಸೀನರಿ. ಅಷ್ಟು ಖರ್ಚು ಮಾಡೋನಿಗೆ ಕಿರೀಟ ಬೇಕು, ಗದೆ ಬೇಕು, ಎತ್ತರದ ದನಿಯಲ್ಲಿ ಒಂದು ಕಂದ ಬೇಕು. ವರ್ಷವೆಲ್ಲಾ ತೋಟದಲ್ಲಿ ಗೇದವನು ಒಂದು ರಾತ್ರಿ ಕೌರವೇಶ್ವರ ಆಗ್ತೀನಿ ಅಂದರೆ ಬೇಡ ಅನ್ನೋಕೆ ನಾವ್ಯಾರು? ಆದರೆ ಒಂದು ಮಾತು. ಆ ದುಡ್ಡು ಬರೋದು ಅಟ್ಟದ ಮೇಲಿಂದ. ನಮ್ಮ ಸೀಮೆಯ ನಾಟಕ ನಡೆಸೋದು ಕೊಬ್ಬರಿ. ನಾಟಕದ ಒಳಗೆ ಮಾತ್ರ ಕೊಬ್ಬರಿ ಇಲ್ಲ.

ಹೊಸ ನಾಟಕ ನಮಗೆ ಕಾಣಿಸೋದು ತಿರುಗಾಟದವರಿಂದ. ಹೆಗ್ಗೋಡಿನ ನೀನಾಸಂ 1985ರಿಂದ 'ತಿರುಗಾಟ' ಕಳಿಸುತ್ತಿದೆ. ಪಕ್ಕದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ಪಂಡಿತಾರಾಧ್ಯ ಸ್ವಾಮೀಜಿಯವರ 'ಶಿವಸಂಚಾರ' 1997ರಿಂದ ಊರೂರು ಸುತ್ತುತ್ತಿದೆ. ನನ್ನ ಕಣ್ಣು ತೆರೆಸಿದ್ದು ಅವೇ. ಆದರೂ ಕಳೆದ ಹದಿನೈದು ವರ್ಷದಲ್ಲಿ ಕನ್ನಡದಲ್ಲಿ ದೊಡ್ಡ ಮಾತಾದ ಪ್ರಯೋಗಗಳು ಯಾವುವು ನೋಡಿ. 2010ರಲ್ಲಿ ಮೈಸೂರು ರಂಗಾಯಣದ 'ಮಲೆಗಳಲ್ಲಿ ಮದುಮಗಳು', 2021ರಲ್ಲಿ 'ಪರ್ವ'. ಎರಡೂ ಕಾದಂಬರಿಗಳು. ಇಡೀ ರಾತ್ರಿ ನಡೆಯೋ 'ಮದುಮಗಳು' ಅಂದರೆ ಕುವೆಂಪು ಹೆಸರು ಬರುತ್ತೆ, ನಿರ್ದೇಶಕ ಸಿ. ಬಸವಲಿಂಗಯ್ಯ ಹೆಸರು ಬರುತ್ತೆ. ಆ ಕಾದಂಬರಿಯನ್ನ ರಂಗಕ್ಕೆ ಇಳಿಸಿದ ಕೆ.ವೈ. ನಾರಾಯಣಸ್ವಾಮಿ ಹೆಸರು ಎಷ್ಟು ಜನರ ಬಾಯಲ್ಲಿದೆ? 'ಕಳವು', 'ಚಕ್ರರತ್ನ', 'ಹುಲಿಸೀರೆ' ತರದ ಸ್ವಂತ ನಾಟಕ ಬರೆದವರು ಅವರು. ದು. ಸರಸ್ವತಿ ಇದ್ದಾರೆ. 'ಸಣ್ತಿಮ್ಮಿ ರಾಮಾಯಣ' ತಾವೇ ಬರೆದು, ಹಳ್ಳಿ ಹೆಂಗಸಿನ ಆಡುಮಾತಲ್ಲಿ ತಾವೇ ಒಬ್ಬರೇ ಆಡ್ತಾರೆ. ಹಿಂದೆ ಕಂಬಾರರು 'ಜೋಕುಮಾರಸ್ವಾಮಿ'ಯಲ್ಲಿ ಬೆಳಗಾವಿ ಕಡೆಯ ಮಾತನ್ನ ರಂಗಕ್ಕೆ ತಂದಾಗ ಅದು ಇಡೀ ಕರ್ನಾಟಕದ ನಾಟಕವಾಯಿತು. ನಮ್ಮ ಅಟ್ಟದ ಕೆಳಗಿನ ಮಾತಿಗೆ ಯಾಕೆ ಆ ಶಕ್ತಿ ಇರಬಾರದು?

ಈಚೆಗೆ ಕೆನಡಾದ ನಾಟಕಗಳ ಬಗ್ಗೆ ಓದುವಾಗ ಮಿಶೆಲ್ ಟ್ರೆಂಬ್ಲೆ ಅನ್ನೋರ ವಿಚಾರ ಸಿಕ್ಕಿತು. ಅವರ 'ಲೆ ಬೆಲ್ ಸರ್' ನಾಟಕ 1968ರಲ್ಲಿ ಮಾಂಟ್ರಿಯಲ್‌ನಲ್ಲಿ ರಂಗಕ್ಕೆ ಬಂತು. ಆಗ ಅವರಿಗೆ ಇಪ್ಪತ್ತಾರು ವರ್ಷ. ಬಡ ಓಣಿಯ ಒಬ್ಬ ಗೃಹಿಣಿಗೆ ಬಹುಮಾನವಾಗಿ ಹತ್ತು ಲಕ್ಷ ಕೂಪನ್ ಚೀಟಿ ಬರುತ್ತೆ. ಅದನ್ನ ಪುಸ್ತಕಕ್ಕೆ ಅಂಟಿಸೋಕೆ ಅಕ್ಕಪಕ್ಕದ ಹೆಂಗಸರನ್ನ ಅಡುಗೆಮನೆಗೆ ಕರೀತಾಳೆ. ಅವರು ಅಂಟಿಸ್ತಾ ಕಷ್ಟಸುಖ ಮಾತಾಡ್ತಾ, ಒಬ್ಬೊಬ್ಬರೇ ಚೀಟಿ ಕದ್ದು ಬ್ಯಾಗಿಗೆ ಹಾಕ್ಕೋತಾರೆ. ಹದಿನೈದು ಪಾತ್ರ, ಎಲ್ಲಾ ಹೆಂಗಸರು. ಮಾತು ಪುಸ್ತಕದ ಫ್ರೆಂಚ್ ಅಲ್ಲ, ಆ ಓಣಿಯ ಒರಟು ಫ್ರೆಂಚ್. ಇದೇನು ರಂಗದ ಮೇಲೆ ಆಡೋ ಭಾಷೆಯಾ ಅಂತ ಮೂಗು ಮುರಿದವರು ಬಹಳ ಜನ. ಇವತ್ತು ಅದು ಎಷ್ಟೋ ಭಾಷೆಗೆ ಹೋಗಿದೆ. ಓದುವಾಗ ನನ್ನ ಕಣ್ಣಿಗೆ ಕಂಡಿದ್ದು ನಮ್ಮ ಮನೆ ಹಿಂದೆ ಕೂತು ಮಾತಾಡ್ತಾ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯೋ ಹೆಂಗಸರು.

ಆ ಭಾನುವಾರ ಗೆಳೆಯನ ಮನೆಗೆ ಹೋದೆ. ಕಟಿಂಗ್ ತೋರಿಸಿ ತಪ್ಪಾಯ್ತು ಕಣೋ ಅಂದೆ. ನಕ್ಕ. 'ಬಿಡಪ್ಪ, ಈಗ ಆ ನಾಟಕ ಯಾರಿಗೆ ಬೇಕು? ಬೆಲೆ ಬಂತಲ್ಲ' ಅಂದ. ನಿಜ, 2025ರಲ್ಲಿ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು. 'ನೀನು ಬರೆದಿದ್ದು ಬೆಲೆ ಮೇಲಲ್ಲ, ಕಾಯೋದರ ಮೇಲೆ' ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಒಳಗೆ ಹೋಗಿ ನೋಟ್‌ಬುಕ್ ತಂದುಕೊಟ್ಟ. ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದೇನೆ. ಮೊದಲ ಹಾಳೆಯಲ್ಲಿ ಅವನ ಹೆಸರಿರಲಿಲ್ಲ. ಬರೆಸಿಕೊಂಡೇ ಬಂದೆ.

ಮೊನ್ನೆ ತಿಪಟೂರಿನಲ್ಲಿ ಕಾಲೇಜು ಹುಡುಗರು ಒಂದು ಹೊಸ ನಾಟಕ ಆಡಿದರು. ಈ ಸಲ ಬರೆದವಳ ಹೆಸರು ಕೇಳಿ, ಊರು ಕೇಳಿ, ಕಡೇ ಸಾಲಲ್ಲಿ ಹಾಕಿ ಕಳಿಸಿದೆ. ಬೆಳಗ್ಗೆ ಪೇಪರ್ ನೋಡಿದರೆ ಆ ಸಾಲು ಇಲ್ಲ. ಜಾಗ ಸಾಲದಿದ್ದರೆ ಡೆಸ್ಕಿನವರು ಕೆಳಗಿಂದ ಕತ್ತರಿಸ್ತಾರೆ, ಅದು ನನಗೆ ಗೊತ್ತಿರಬೇಕಿತ್ತು.

ಇನ್ನು ಮೇಲೆ ಮೊದಲನೇ ಸಾಲಿಗೇ ಹಾಕ್ತೀನಿ.