ಗಾಳಕ್ಕೊಂದು ಚೀಲ

ಬ್ಯಾಂಕಿನ ನೌಕರಿಯ 36 ವರ್ಷಗಳಲ್ಲಿ ನನಗೆ ಒಂಬತ್ತು ವರ್ಗಾವಣೆಗಳಾದವು. ಕೊನೆಯ ಹದಿನಾಲ್ಕು ವರ್ಷ ಮುಂಬಯಿಯಲ್ಲೇ ಕಳೆದು 2021ರಲ್ಲಿ ನಿವೃತ್ತನಾದೆ. ಈಗ ಮುಲುಂಡ್‌ನಲ್ಲಿ ವಾಸ. ಇಷ್ಟು ಸಲ ಗಂಟುಮೂಟೆ ಕಟ್ಟಿ ಬಿಚ್ಚಿದವನಿಗೆ ಚೀಲ, ಟ್ರಂಕು, ಹೋಲ್ಡಾಲುಗಳ ವಿಷಯದಲ್ಲಿ ಒಂದಿಷ್ಟು ತಿಳಿವಳಿಕೆ ಬಂದಿರಲೇಬೇಕು. ಆದರೂ ನಿವೃತ್ತಿಯ ನಂತರ ಒಂದೇ ಒಂದು ಚೀಲವನ್ನು ಆರಿಸಲು ನಾನು ಒಂದು ವರ್ಷ ತೆಗೆದುಕೊಂಡೆ ಎಂದರೆ ಓದುಗರು ನಕ್ಕಾರು. ಅದು ಗಾಳದ ಕೋಲುಗಳನ್ನು ಇಡುವ ಚೀಲ.

ನಮ್ಮ ಮನೆ ಕುಂದಾಪುರದ ಹತ್ತಿರ. ಐದು ಹೊಳೆಗಳು ಕೂಡಿ ಗಂಗೊಳ್ಳಿಯಲ್ಲಿ ಸಮುದ್ರ ಸೇರುತ್ತವೆ, ಪಂಚಗಂಗಾವಳಿ ಎಂದು ಹೆಸರು. ಮನೆಯಿಂದ ಹೊಳೆಯ ದಂಡೆಗೆ ಐದು ನಿಮಿಷದ ದಾರಿ. ಉಬ್ಬರ ಏರುವ ಹೊತ್ತಿಗೆ ಅಪ್ಪಯ್ಯ ಗಾಳ ಹಾಕಲು ಹೋಗುತ್ತಿದ್ದರು, ಹಿಂದೆ ಅಣ್ಣ, ಅವನ ಹಿಂದೆ ನಾನು. ಅಪ್ಪಯ್ಯನ ಗಾಳಕ್ಕೆ ಕೋಲೇ ಇರಲಿಲ್ಲ. ಅಂಗೈ ಅಗಲದ ಮರದ ತುಂಡಿಗೆ ಸುತ್ತಿದ ನೈಲಾನ್ ದಾರ, ತುದಿಯಲ್ಲಿ ಸೀಸದ ಗುಂಡು, ಕೊಕ್ಕೆ. ಅದನ್ನು ಬೈರಾಸಿನ ತುದಿಗೆ ಕಟ್ಟಿ ಹೆಗಲಿಗೆ ಹಾಕಿದರೆ ಮುಗಿಯಿತು. ತೆಂಗಿನ ಗರಟದಲ್ಲಿ ಚಟ್ಲಿ. ಬರುವಾಗ ಕಾಣೆ ಮೀನು ಸಿಕ್ಕಿದರೆ ಬಳ್ಳಿಗೆ ಪೋಣಿಸಿ ತರುವುದು. ಊರು ಬಿಡದ ಮನುಷ್ಯನಿಗೆ ಚೀಲದ ಹಂಗಿಲ್ಲ. ಚೀಲವೆಂಬುದು ದೂರದ ಲೆಕ್ಕ.

ನನಗೆ ಕೋಲು ಹಿಡಿದು ಮೀನು ಹಿಡಿಯುವ ಅಭ್ಯಾಸವಾದದ್ದು ಮುಂಬಯಿಗೆ ಬಂದ ಮೇಲೆ. ಪೊವಾಯಿ ಕೆರೆಯ ದಂಡೆಯಲ್ಲಿ ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಶನ್ ಇದೆ. 1891ರಲ್ಲಿ ಮುಂಬಯಿಗೆ ಕುಡಿಯುವ ನೀರಿಗೆಂದು ಕಟ್ಟಿದ ಕೆರೆ ಅದು. ನೀರು ಕುಡಿಯಲು ಯೋಗ್ಯವಾಗಲಿಲ್ಲ, ಮೀನಿಗೆ ಯೋಗ್ಯವಾಯಿತು. ಕಾಟ್ಲಾ, ರೋಹು, ಮೃಗಾಲ್ ಇವೆ. ಮೊಸಳೆಗಳೂ ಇವೆ, ಆದ್ದರಿಂದ ಕಾಲು ಇಳಿಬಿಟ್ಟು ಕೂರುವ ಊರಿನ ಚಟ ಇಲ್ಲಿ ನಡೆಯುವುದಿಲ್ಲ. ಭಾನುವಾರ ಬೆಳಿಗ್ಗೆ ಮುಲುಂಡ್‌ನಿಂದ ಲೋಕಲ್ ಹಿಡಿದು ಕಾಂಜೂರ್‌ಮಾರ್ಗದಲ್ಲಿ ಇಳಿದು ರಿಕ್ಷಾ ಮಾಡಿದರೆ ಆಯಿತು. ನೀರಿನ ಮುಂದೆ ಎರಡು ಗಂಟೆ ಕೂತರೆ ವಾರದ ಬ್ಯಾಲೆನ್ಸು ಟ್ಯಾಲಿ ಆಗುತ್ತಿತ್ತು. ಅಷ್ಟು ಹತ್ತಿರದ ಓಡಾಟಕ್ಕೆ ಕೋಲಿನ ಜೊತೆ ಬಂದ ಬಟ್ಟೆಯ ಗವಸು ಸಾಕಾಗಿತ್ತು.

ಚೀಲದ ಪ್ರಶ್ನೆ ಎದ್ದದ್ದು ನಿವೃತ್ತಿಯ ನಂತರ. ಅಣ್ಣನಿಗೆ ಈಗ 76. ಅತ್ತಿಗೆ ಮತ್ತು ಅವನು, ಇಬ್ಬರೇ ಊರಮನೆಯಲ್ಲಿ. ಎರಡು ಕಣ್ಣಿಗೂ ಪೊರೆ ತೆಗೆಸಿ ಆಗಿದೆ, ಮೊಣಕಾಲು ಕೇಳುವುದಿಲ್ಲ. ಫೋನಿನಲ್ಲಿ ಒಂದು ದಿನ, "ಹೊಳಿ ಬದಿಗೆ ಹೋಯ್ದೆ ಎರಡು ತಿಂಗಳಾಯ್ತ್ ಮಾರಾಯ" ಎಂದ. ದೂರು ಹೇಳುವ ದನಿಯಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಮಳೆ ಮುಗಿದ ಮೇಲೆ ಪ್ರತಿ ವರ್ಷ ಎರಡು ತಿಂಗಳು ಊರಲ್ಲಿ ಇರುವುದು, ಉಳಿದ ಕಾಲ ಮಗಳು ಮೊಮ್ಮಗಳ ಹತ್ತಿರ ಇಲ್ಲಿ ಎಂದು ನಾನೂ ಹೆಂಡತಿಯೂ ಮಾತಾಡಿ ಒಪ್ಪಿಕೊಂಡೆವು. ಅಂದರೆ ಕೋಲುಗಳೂ ನನ್ನ ಜೊತೆ ಹೋಗಿ ಬರಬೇಕು.

ಹೆಂಡತಿಯ ವಾದ ಸರಳ. "ಊರಿಗೊಂದು ಸೆಟ್, ಇಲ್ಲಿಗೊಂದು ಸೆಟ್ ತಗೊಂಡುಬಿಡಿ. ಚೀಲದ ತಲೆಬಿಸಿಯೇ ಇರುವುದಿಲ್ಲ." ಎಂ.ಕಾಂ. ಓದಿದವನು ನಾನು, ಸವಕಳಿಯ ಲೆಕ್ಕ ಹಾಕಿದೆ. ಕರಾವಳಿಯ ಮನೆಯಲ್ಲಿ ಹತ್ತು ತಿಂಗಳು ಮುಟ್ಟದೆ ಇಟ್ಟ ವಸ್ತುವಿನ ಗತಿ ಏನಾಗುತ್ತದೆ ಎಂಬುದು ನಮ್ಮ ಕಡೆಯವರಿಗೆ ಗೊತ್ತು. ಉಪ್ಪುಗಾಳಿಗೆ ರೀಲಿನ ಸ್ಪ್ರಿಂಗು, ಬೇರಿಂಗು ತುಕ್ಕು ಹಿಡಿಯುತ್ತವೆ. ಆಷಾಢದಲ್ಲಿ ಹಿಡಿಕೆಯ ಬಿರಡೆಗೆ ಬೂಷ್ಟು ಬರುತ್ತದೆ. ಬಳಸುತ್ತಾ ಇದ್ದರೆ, ಒರೆಸುತ್ತಾ ಇದ್ದರೆ ಮಾತ್ರ ಅವು ಉಳಿಯುತ್ತವೆ. ಹಾಗಾಗಿ ಒಂದೇ ಸೆಟ್ಟು, ಒಂದು ಒಳ್ಳೆಯ ಚೀಲ ಎಂದು ತೀರ್ಮಾನಿಸಿದೆ.

ಆ ಸಮಯಕ್ಕೆ ಸರಿಯಾಗಿ, 2023ರ ಜನವರಿಯಲ್ಲಿ, ಅಣ್ಣನ ಮಗ ಅಮೆರಿಕದ ಮಿನ್ನೆಸೋಟದಿಂದ ಊರಿಗೆ ಬಂದ. ಹೋಗುವಾಗ ಮುಂಬಯಿಯಲ್ಲಿ ಎರಡು ದಿನ ನಮ್ಮ ಮನೆಯಲ್ಲಿದ್ದು, "ಚಿಕ್ಕಯ್ಯ, ಇದು ನಿಮಗೆ" ಎಂದು ಒಂದು ಉದ್ದನೆಯ ಕಪ್ಪು ಚೀಲ ಕೊಟ್ಟ. ಅಲ್ಲಿ ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟುತ್ತವೆ. ಜನ ಅದರ ಮೇಲೆ ನಡೆದು ಹೋಗಿ, ನಮ್ಮ ಮರಗೆಲಸದವರ ಬೈರಿಗೆಯ ದೊಡ್ಡಣ್ಣನಂಥ ಯಂತ್ರದಲ್ಲಿ ತೂತು ಕೊರೆದು ಗಾಳ ಇಳಿಬಿಡುತ್ತಾರೆ. ನಡೆಯಲು ಕನಿಷ್ಠ 4 ಇಂಚು ದಪ್ಪದ ಗಟ್ಟಿ ಹೊಸ ಹಿಮ ಬೇಕು ಎಂಬುದು ಅಲ್ಲಿನ ಸರಕಾರದ ಸೂಚನೆಯಂತೆ. ನಮ್ಮಲ್ಲಿ ಮೀನು ಹಿಡಿದ ಮೇಲೆ ಐಸು, ಅಲ್ಲಿ ಐಸಿನ ಮೇಲೆ ಕೂತು ಮೀನು. ಆ ಗಾಳದ ಸಾಮಾನು ಒಯ್ಯುವ ಚೀಲ ಅದು.

ನಾನು ಅದನ್ನು ಸಾಲದ ಅರ್ಜಿಯ ಕಡತದಂತೆ ಬಿಚ್ಚಿ ನೋಡಿದೆ. ಉದ್ದ 36 ಇಂಚು. ತೂತಿನ ಪಕ್ಕದಲ್ಲೇ ಕೂರುವವರಿಗೆ ಗಾಳವನ್ನು ಬೀಸಿ ಎಸೆಯುವ ಕೆಲಸವಿಲ್ಲ. ಆದ್ದರಿಂದ ಕೋಲು ಎರಡರಿಂದ ಮೂರು ಅಡಿ ಇದ್ದರೆ ಸಾಕು. ಕೋಲಿಗೆ ರೀಲು ಜೋಡಿಸಿಯೇ ಇಡುವಷ್ಟು ಒಳಗೆ ಜಾಗ. ಪಕ್ಕಗಳು ಒತ್ತಿದರೂ ಬಗ್ಗದ ಹಾಗೆ ಬಿಗಿಯಾಗಿವೆ. ತಳಕ್ಕೆ ನೀರು ಒಳಗೆ ಬಿಡದ ದಪ್ಪ ಹಾಳೆ, ಏಕೆಂದರೆ ಅದನ್ನು ಇಡುವುದೇ ಹಿಮದ ಮೇಲೆ. ಜಿಪ್ಪಿನ ತುದಿಗೆ ದೊಡ್ಡ ದೊಡ್ಡ ಕುಣಿಕೆಗಳು, ಕೈಗವಸು ಹಾಕಿಕೊಂಡೇ ಎಳೆಯಬಹುದು. "ಮನೆಗೆ ಬಂದ ಕೂಡಲೇ ಚೀಲ ಬಿಚ್ಚಿ ಒಣಗಿಸಬೇಕು ಚಿಕ್ಕಯ್ಯ. ಹೊರಗಿನ ಚಳಿಯಿಂದ ಬೆಚ್ಚಗಿನ ಮನೆಯೊಳಗೆ ತಂದರೆ ಎಲ್ಲ ಬೆವರುತ್ತದೆ, ಮುಚ್ಚಿಟ್ಟರೆ ತುಕ್ಕು" ಎಂದ. ನನಗೆ ಆಶ್ಚರ್ಯವಾಯಿತು. ಅವನದು ಹಿಮ, ನಮ್ಮದು ಸೆಕೆ, ಆದರೆ ಶತ್ರು ಒಬ್ಬನೇ, ಒಳಗೆ ಉಳಿದ ತೇವ.

ಚೀಲ ಚೆನ್ನಾಗಿತ್ತು, ನನ್ನ ಕೋಲಿಗೆ ಮಾತ್ರ ಸಾಲದು. ನನ್ನದು ಎರಡು ತುಂಡಿನ 8 ಅಡಿ ಕೋಲು. ಬಿಚ್ಚಿದರೆ ಒಂದೊಂದು ತುಂಡು 49 ಇಂಚು. ಮಡಚಿದರೆ ಚಿಕ್ಕದಾಗುವ, ಒಂದರೊಳಗೊಂದು ಜಾರುವ ಕೋಲುಗಳೂ ಪೇಟೆಯಲ್ಲಿವೆ. ಆದರೆ ಹತ್ತು ವರ್ಷ ಕೈಗೆ ಒಗ್ಗಿದ ಕೋಲನ್ನು ಚೀಲಕ್ಕಾಗಿ ಬದಲಿಸುವುದು ಚಪ್ಪಲಿಗೆ ತಕ್ಕಂತೆ ಕಾಲು ಕೊಯ್ದುಕೊಂಡ ಹಾಗೆ.

ಧೋಬಿ ತಲಾವ್‌ನ ಆಟದ ಸಾಮಾನಿನ ಅಂಗಡಿಗಳ ಸಾಲಿಗೆ ಹೋದೆ. ಕ್ರಿಕೆಟ್ ಕಿಟ್ ಬ್ಯಾಗು ತೋರಿಸಿದರು. ಅಗಲ ಬೇಕಾದಷ್ಟು, ಉದ್ದ ಸಾಲದು. ಹಾಕಿ ಸ್ಟಿಕ್ಕಿನ ಚೀಲವೂ ಗಿಡ್ಡ. ಒಬ್ಬರು ಯೋಗದ ಚಾಪೆಯ ಚೀಲ ಎತ್ತಿಕೊಟ್ಟು, "ಅಂಕಲ್, ಯೋಗಾನೂ ಮಾಡಬಹುದು" ಎಂದರು. ಪೊವಾಯಿಯ ನಮ್ಮ ಸಿಂಧಿ ಗೆಳೆಯರೊಬ್ಬರು ಪಿವಿಸಿ ಪೈಪೇ ಮೇಲು ಎಂದು ಹಠ ಹಿಡಿದರು. ಒಮ್ಮೆ ರೈಲಿನಲ್ಲಿ ಯಾರದೋ ತಗಡಿನ ಪೆಟ್ಟಿಗೆ ಜಾರಿ ಅವರ ಕೋಲಿನ ತುದಿ ಮುರಿದ ಮೇಲೆ ಅವರು 4 ಇಂಚಿನ ಪೈಪಿಗೆ ಎರಡೂ ಕಡೆ ಮುಚ್ಚಳ ಹಾಕಿಸಿಕೊಂಡಿದ್ದಾರೆ. ಗಟ್ಟಿ ಹೌದು. ಆದರೆ ಭಾರ, ಗಾಳಿಯಾಡುವುದಿಲ್ಲ, ಒಳಗೆ ಕೋಲುಗಳು ಒಂದಕ್ಕೊಂದು ತಾಗಿ ಗಲಗಲ ಎನ್ನುತ್ತವೆ. ಅದನ್ನು ಹೊತ್ತು ಹೋಗುವಾಗ ಒಂದು ಸೊಸೈಟಿಯ ವಾಚ್‌ಮನ್ ಅವರನ್ನು ಪ್ಲಂಬರ್ ಎಂದುಕೊಂಡು ಮೂರನೇ ಮಹಡಿಗೆ ಕಳಿಸಿದ್ದನಂತೆ.

ಕೊನೆಗೆ ಹೋದದ್ದು ಧಾರಾವಿಗೆ. ಅಲ್ಲಿ ಚೀಲ ಹೊಲಿಯುವ ಸಣ್ಣ ಸಣ್ಣ ಕಾರ್ಖಾನೆಗಳು ಎಷ್ಟೋ ಇವೆ. ಬಿಹಾರದ ಕಡೆಯ ಒಬ್ಬ ಕಾರಿಗರ ನನ್ನ ಕೋಲು, ರೀಲು, ಅಣ್ಣನ ಮಗ ಕೊಟ್ಟ ಚೀಲ ಮೂರನ್ನೂ ಮುಂದಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಿದ. "ಇಸ್ ಮೇ ಸಬ್‌ಸೇ ನಾಜೂಕ್ ಕ್ಯಾ ಹೈ?" ಎಷ್ಟು ಹಿಡಿಯಬೇಕು ಎಂದು ಕೇಳಲಿಲ್ಲ, ಎಷ್ಟು ದುಡ್ಡು ಕೊಡುತ್ತೀರಿ ಎಂದೂ ಕೇಳಲಿಲ್ಲ. ಅಂಗಡಿಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಚೀಲ ಆರಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ ಎಂದು ನನಗೆ ಆಗ ಹೊಳೆಯಿತು.

ಅವನಿಗೆ ವಿವರಿಸಿದೆ. ಎಲ್ಲಕ್ಕಿಂತ ನಾಜೂಕು ಕೋಲಿನ ತುದಿ, ಪೆನ್ಸಿಲಿಗಿಂತ ತೆಳ್ಳಗೆ. ಆದ್ದರಿಂದ ಚೀಲ ಕೋಲಿಗಿಂತ ಎರಡು ಮೂರು ಇಂಚು ಉದ್ದವಿರಬೇಕು, ತುದಿ ಎಲ್ಲಿಗೂ ತಾಗಬಾರದು. ಆಮೇಲೆ ದಾರ ಹಾಯುವ ಉಂಗುರಗಳು. ಅವುಗಳ ಒಳಗೆ ಪಿಂಗಾಣಿಯಂಥ ಗಟ್ಟಿ ಬಳೆ ಇರುತ್ತದೆ. ಅದು ಬಿರುಕು ಬಿಟ್ಟರೆ ಮೀನು ಎಳೆಯುವಾಗ ದಾರವನ್ನು ಬ್ಲೇಡಿನಂತೆ ಕೊಯ್ಯುತ್ತದೆ. ಕೋಲು ಕಾರ್ಬನ್ ಫೈಬರಿನದು. ಹಗುರ, ಬಲು ಬಲ, ಆದರೆ ಗಟ್ಟಿ ವಸ್ತು ತಾಗಿ ಪೆಟ್ಟಾದರೆ ಹೊರಗೆ ಏನೂ ಕಾಣದೆಯೂ ಇರಬಹುದು. ಮುಂದೆ ಯಾವತ್ತೋ ಭಾರ ಬಿದ್ದಾಗ ಅಲ್ಲೇ ಮುರಿಯುತ್ತದೆ. ಹಾಗಾಗಿ ಪ್ರತಿ ತುಂಡಿಗೂ ಬೇರೆ ಕೋಣೆ, ನಡುವೆ ಪರದೆ. ರೀಲನ್ನು ಬಿಚ್ಚಿ ಇನ್ನೊಂದು ಜೇಬಿನಲ್ಲಿ. ಕೊಕ್ಕೆಗಳು ಮುಚ್ಚಳದ ಡಬ್ಬಿಯಲ್ಲಿ ಹೊರಗಿನ ಜೇಬಿಗೆ.

ಉಳಿದದ್ದನ್ನು ಅವನೇ ಹೇಳಿದ. ಒಳಗೆ ಸ್ಪಂಜು ಬೇಡ, ಅದು ನೀರು ಕುಡಿಯುತ್ತದೆ. ಚಪ್ಪಲಿಯ ಅಟ್ಟೆಗೆ ಬಳಸುವ ಇವಿಎ ಫೋಮ್ ಹಾಕೋಣ, ನೀರು ಹೀರುವುದಿಲ್ಲ. ಸಮುದ್ರದ ಹತ್ತಿರವಾದರೆ ಲೋಹದ ಜಿಪ್ಪು ಬೇಡ, ಉಪ್ಪಿಗೆ ಕಚ್ಚಿಕೊಳ್ಳುತ್ತದೆ, ಪ್ಲಾಸ್ಟಿಕ್ ಹಲ್ಲಿನದೇ ಸರಿ. ಜಿಪ್ಪು ಮೇಲಿನಿಂದ ಕೆಳತನಕ ಪೂರ್ತಿ ತೆರೆಯಬೇಕು, ಆಗಲೇ ಬಿಸಿಲಿಗೆ ಹರಡಿ ಒಣಗಿಸಲು ಸಾಧ್ಯ. ಕೆಳತುದಿಯಲ್ಲಿ ನೀರು ಇಳಿಯಲು ಎರಡು ಕಣ್ಣು. ಹೆಗಲ ಪಟ್ಟಿ ನೆಟ್ಟಗೆ ನಿಲ್ಲಿಸಿ ಹೊರುವಂತೆ ಇರಬೇಕು, ಲೋಕಲ್‌ನಲ್ಲಿ ಅಡ್ಡ ಹಿಡಿದರೆ ಜನ ಬೈದಾರು.

ನಾನು ಒಂದು ಸೇರಿಸಿದೆ. ಚೀಲದ ಹೊರಬದಿಗೆ ಎರಡು ಗಟ್ಟಿ ಪಟ್ಟಿ ಬೇಕು, ಮಡಚುವ ಸ್ಟೂಲು ಕಟ್ಟಲು. "ಕೂತು ಹಿಡಿಯುತ್ತೀರಾ?" ಎಂದು ಕೇಳಿದ. "ನನಗಲ್ಲ, ಅಣ್ಣನಿಗೆ" ಎಂದೆ. ಅವನು ತಲೆಯಾಡಿಸಿ ಆ ಪಟ್ಟಿಗೆ ಎರಡು ಸಾಲು ಹೊಲಿಗೆ ಹಾಕಿದ. ಅವನ ಅಣ್ಣನೂ ಊರಲ್ಲಿದ್ದಾನಂತೆ, ಹೋಗುವುದು ವರ್ಷಕ್ಕೊಮ್ಮೆ ಛಠ್ ಹಬ್ಬಕ್ಕೆ. ಎಲ್ಲ ಸೇರಿ 1,400 ರೂಪಾಯಿ. ಚೌಕಾಶಿ ಮಾಡಲು ಮನಸ್ಸಾಗಲಿಲ್ಲ.

ಇನ್ನು ರೈಲಿನ ಮಾತು. ಪ್ರಯಾಣಿಕರ ಡಬ್ಬಿಯೊಳಗೆ ಒಯ್ಯುವ ಟ್ರಂಕು, ಸೂಟ್‌ಕೇಸುಗಳಿಗೆ ರೈಲ್ವೆಯವರು 100 ಸೆಂಟಿಮೀಟರ್ ಉದ್ದ, 60 ಅಗಲ, 25 ಎತ್ತರ ಎಂದು ಮಿತಿ ಇಟ್ಟಿದ್ದಾರೆ. ಎಸಿ ತ್ರೀ ಟಯರಿನಲ್ಲಿ ಇನ್ನೂ ಕಡಿಮೆ. ನನ್ನ ಚೀಲ ಉದ್ದದಲ್ಲಿ ಅದನ್ನು ಮೀರುತ್ತದೆ, ಆದರೆ ದಪ್ಪ ಒಂದು ಗೇಣು. ಸೀಟಿನಡಿ ತೂರಿಸಿದರೆ ಬೇರೆಯವರ ಪೆಟ್ಟಿಗೆಗಳಿಗೆ ಬಲಿ. ಅದಕ್ಕೆ ಮೇಲಿನ ಬರ್ತು ಕೇಳಿ ತೆಗೆದುಕೊಂಡು, ಗೋಡೆಯ ಬದಿಗೆ ಚೀಲ ಮಲಗಿಸಿ, ಈಚೆ ಬದಿಗೆ ನಾನು ಮಲಗುತ್ತೇನೆ. ಟಿ.ಟಿ. ಒಮ್ಮೆ ಟಾರ್ಚು ಬಿಟ್ಟು, "ಸಿತಾರಾ?" ಎಂದು ಕೇಳಿದರು. ಗಾಳ ಎಂದಾಗ ನಕ್ಕು ಮುಂದೆ ಹೋದರು. ರೈಲಿನ ಹೆಸರೇ ಮತ್ಸ್ಯಗಂಧ ಆಗಿರುವಾಗ ಅವರಾದರೂ ಏನು ಹೇಳಿಯಾರು?

2024ರ ನವೆಂಬರಿನಲ್ಲಿ ಆ ಚೀಲದ ಮೊದಲ ದೊಡ್ಡ ಪ್ರಯಾಣ. ಮಧ್ಯಾಹ್ನ ಠಾಣೆಯಲ್ಲಿ ಹತ್ತಿದರೆ ಬೆಳಗಿನ ಜಾವ ಕುಂದಾಪುರ. ಮೂಡ್ಲಕಟ್ಟೆಯ ಸ್ಟೇಷನ್ನಿನಲ್ಲಿ ಇಳಿದು ಮನೆ ಮುಟ್ಟಿದಾಗ ಅಣ್ಣ ಜಗಲಿಯಲ್ಲಿ ಕೂತಿದ್ದ. ಕಾಫಿ ಕುಡಿದು ಒಂದೊಂದೇ ತುಂಡು ತೆಗೆದು ಬೆಳಕಿಗೆ ಹಿಡಿದು ನೋಡಿದೆ, ಒಂದು ಗೀರೂ ಇಲ್ಲ. ಅಣ್ಣ ಕೋಲನ್ನು ಮುಟ್ಟಲಿಲ್ಲ. ಚೀಲದ ಹೊಲಿಗೆಯ ಮೇಲೆ ಬೆರಳಾಡಿಸಿ, ಸ್ಟೂಲು ಬಿಚ್ಚಿ, "ಇದ್ ಎಂತಕ್ಕೆ?" ಎಂದು ಕೇಳಿದ. "ನಿಂಗೆ" ಎಂದೆ.

ಸಂಜೆಯ ಉಬ್ಬರಕ್ಕೆ ಇಬ್ಬರೂ ಹೋದೆವು. ಐದು ನಿಮಿಷದ ದಾರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಅವನು ಸ್ಟೂಲಿನ ಮೇಲೆ ಕೂತು ಅಪ್ಪಯ್ಯನ ಕಾಲದ ಹಾಗೆ ಕೈಯಲ್ಲೇ ದಾರ ಬಿಟ್ಟ. ಕಣ್ಣು ಸರಿಯಾಗಿ ಕಾಣದಿದ್ದರೂ ಬೆರಳಿಗೆ ಮೀನಿನ ಸುದ್ದಿ ತಿಳಿಯುತ್ತದೆ. ನಾಲ್ಕು ಕಾಣೆ ಅವನಿಗೆ, ನನ್ನ ಕಾರ್ಬನ್ ಕೋಲಿಗೆ ಒಂದು. ಮಗನ ಕೆರೆಯ ಸುದ್ದಿ ತೆಗೆದು, "ಐಸಿನ ಅಡಿಗೂ ಮೀನ್ ಇರತ್ತಾ ಮಾರಾಯ?" ಎಂದು ಎರಡು ಸಲ ಕೇಳಿದ. ಇರುತ್ತದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನಿಗೆ ಚಳಿ ಆಪ್ಪುದಿಲ್ಯಾ?" ಎಂದ.

ಮನೆಗೆ ಬಂದು ಕೋಲು, ರೀಲುಗಳನ್ನು ಬಾವಿಯ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೀಲವನ್ನು ತೆರೆದು ಒಣಗಲು ಹಾಕಿದೆ. ಉಪ್ಪುನೀರಿನಿಂದ ಬಂದ ದಿನ ಇದನ್ನು ತಪ್ಪಿಸಬಾರದು. ಎಷ್ಟು ಒಳ್ಳೆಯ ಚೀಲವಾದರೂ ಒದ್ದೆ ಸಾಮಾನು ಮುಚ್ಚಿಟ್ಟರೆ ಅದೇ ವೈರಿ.

ಅಣ್ಣನ ಮಗ ಕೊಟ್ಟ ಐಸಿನ ಚೀಲವನ್ನೂ ಆ ಸಲ ಊರಿಗೆ ಒಯ್ದಿದ್ದೆ. ಅದು ಈಗ ಅಣ್ಣನ ಹತ್ತಿರವೇ ಇದೆ, ಜಗಲಿಯ ಗೂಟದಲ್ಲಿ ತೂಗುತ್ತಿದೆ. ಒಳಗೆ ಅವನ ಕೈಗಾಳ, ಎಲೆಯಡಿಕೆಯ ಡಬ್ಬಿ, ಕಣ್ಣಿಗೆ ಬಿಡುವ ಔಷಧ. ಕುಣಿಕೆಯ ದೊಡ್ಡ ಜಿಪ್ಪು ಹಿಮದವರ ಕೈಗವಸಿಗೆಂದು ಮಾಡಿದ್ದು, ನಡುಗುವ ಬೆರಳಿಗೂ ಚೆನ್ನಾಗಿ ಒದಗುತ್ತದೆ. ವಾರಕ್ಕೊಮ್ಮೆ ಫೋನಿನಲ್ಲಿ ಅಣ್ಣ ಹೇಳುತ್ತಾನೆ, "ಚೀಲ ಲಾಯ್ಕಿತ್ತ್. ಸ್ಟೂಲನ್ನೂ ಇಲ್ಲೇ ಇಟ್ಟ್ ಹೋಯ್ಲಕ್ಕಿತ್ತ್." ನಾನು ಸ್ಟೂಲನ್ನು ಮುಂಬಯಿಗೆ ವಾಪಸು ತಂದಿದ್ದೇನೆ. ಪಟ್ಟಿಗೆ ಕಟ್ಟಿಯೇ ಇಟ್ಟಿದ್ದೇನೆ. ಅದನ್ನು ತಲುಪಿಸುವ ನೆಪಕ್ಕಾದರೂ ಪ್ರತಿ ವರ್ಷ ಮಳೆ ಮುಗಿದ ಕೂಡಲೇ ಟಿಕೀಟು ತೆಗೆಯಬೇಕಲ್ಲ.