ಹಳದಿ ವೈರಿನ ಜಾಡು

ಗಾಡಿ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಏರ್‌ಬ್ಯಾಗ್ ಸೆನ್ಸರಿನ ದೋಷ ಹುಡುಕುವುದು. ಎಂಜಿನ್ ಕೆಟ್ಟರೆ ಸದ್ದು ಮಾಡುತ್ತದೆ, ಹೊಗೆ ಉಗುಳುತ್ತದೆ. ಏರ್‌ಬ್ಯಾಗಿಗೆ ಅಂಥ ಬಾಯಿಲ್ಲ. ಇಗ್ನಿಷನ್ ಹಾಕಿದಾಗ ಕೆಲವು ಸೆಕೆಂಡು ಹೊತ್ತಿ ಆರಬೇಕಾದ ದೀಪ ಆರದೆ ನಿಲ್ಲುತ್ತದೆ, ಅಷ್ಟೆ.

2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. ಹಾಗಾಗಿ ನಮ್ಮೂರು ಡಾಬಕಾದ ಓಣಿಗೂ ಈ ದೀಪ ಬಂದಿದೆ. "ಮಿಸ್ತ್ರಿ, ಆ ಲೈಟ್ ಬಂದ್ ಮಾಡಿಕೊಡ್ರಿ, ಸಾಕು" ಅನ್ನುತ್ತಾರೆ ಹಿರಿಯರು. "ಕಾಕಾ, ಲೈಟ್ ಆರಸೂದು ಸಸಾರ ಅದರಿ. ಬ್ಯಾನಿ ಎಲ್ಲಿ ಅದ ನೋಡ್ತೀನಿ, ತುಸು ಕುಂದರ್ರಿ" ಅನ್ನುತ್ತೇನೆ.

ಸ್ಕ್ಯಾನರ್ ಕೊಡುವ ಕೋಡ್ ಊರಿನ ಹೆಸರಷ್ಟೇ ಹೇಳುತ್ತದೆ. ಮನೆ ನಾವೇ ಹುಡುಕಬೇಕು. ಬಲಗಡೆಯ ಮುಂದಿನ ಸೆನ್ಸರ್ ಅಂದಿತೆನ್ನಿ. ಬಹಳ ಮಂದಿ ಕೂಡಲೇ ಹೊಸ ಸೆನ್ಸರ್ ತರಿಸುತ್ತಾರೆ. ನನಗದು ಒಪ್ಪಿಗೆಯಿಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲವು ನಿಮಿಷ ಕಾಯಬೇಕು, ಏಕೆಂದರೆ ಏರ್‌ಬ್ಯಾಗನ್ನು ನಿಯಂತ್ರಿಸುವ ಮಾಡ್ಯೂಲಿನ ಕೆಪ್ಯಾಸಿಟರಿನಲ್ಲಿ ಇನ್ನೂ ಶಕ್ತಿ ಉಳಿದಿರುತ್ತದೆ. ಎಡಬಲದ ಸೆನ್ಸರುಗಳು ಒಂದೇ ನಂಬರಿನವಾಗಿದ್ದರೆ ಅದಲುಬದಲು ಮಾಡುತ್ತೇನೆ. ಕೋಡ್ ಎಡಕ್ಕೆ ಹೋದರೆ ಸೆನ್ಸರ್ ಕೆಟ್ಟಿದೆ. ಬಲದಲ್ಲೇ ಉಳಿದರೆ ಸಂಶಯ ವೈರಿಂಗಿನ ಮೇಲೆ.

ಇಲ್ಲಿಂದ ನಿಜವಾದ ಸುಖ. ಸೆನ್ಸರ್ ಮತ್ತು ಮಾಡ್ಯೂಲ್ ಎರಡೂ ತುದಿಯ ಕಪ್ಲರ್ ಬಿಚ್ಚಿ, ನಡುವಿನ ಎರಡು ವೈರುಗಳಿಗೆ ಒಂದೊಂದಾಗಿ ತುದಿಯಿಂದ ತುದಿಗೆ ಮೀಟರ್ ಹಚ್ಚಿ, ಹಳದಿ ಕವಚವನ್ನು ಬೆರಳಿನಿಂದ ಮೆಲ್ಲಗೆ ಅಲುಗಾಡಿಸುತ್ತ ಹೋಗುವುದು. ಸೊನ್ನೆಯ ಹತ್ತಿರ ನಿಂತಿದ್ದ ಓಮ್ ಒಂದು ಕಡೆ ತಟ್ಟನೆ ಜಿಗಿಯುತ್ತದೆ. ಔರಾದ್ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ಬಂಪರಿನ ಹಿಂದೆ ಮೆತ್ತಿಕೊಂಡು ಬೇಗ ಒಣಗುವುದಿಲ್ಲ. ಆ ತೇವ ಕಪ್ಲರಿನೊಳಗೆ ಇಳಿದರೆ ಪಿನ್ನಿಗೆ ಹಸಿರು ಕಿಲುಬು. ಅದು ಕಣ್ಣಿಗೆ ಬಿದ್ದಾಗಿನ ಸಂತೋಷಕ್ಕೆ ಕೂಲಿಯ ಲೆಕ್ಕವಿಲ್ಲ.

ಆದರೆ ಬ್ಯಾಗಿನ ತುದಿಗೆ ಓಮ್ ಮೀಟರ್ ಎಂದೂ ಮುಟ್ಟಿಸಬಾರದು; ಅದರ ಅಲ್ಪ ಕರೆಂಟಿಗೂ ಬ್ಯಾಗ್ ಸಿಡಿದೀತು. ಅಲ್ಲಿ ಬ್ಯಾಗಿನ ಜಾಗಕ್ಕೆ ಸುಮಾರು 2 ಓಮಿನ ರೆಸಿಸ್ಟರ್ ಸಿಕ್ಕಿಸಿ ಕೋಡ್ ಬದಲಾಗುತ್ತದೆಯೇ ನೋಡುವುದೇ ಕ್ರಮ.

ಡಿಕ್ಕಿಯಾದಾಗ ಬ್ಯಾಗ್ ಉಬ್ಬಲು ಸೆಕೆಂಡಿನ ಸಾವಿರದಲ್ಲಿ 30 ಭಾಗದಷ್ಟು ಹೊತ್ತು ಸಾಕು. ಏರ್‌ಬ್ಯಾಗ್ ದೀಪ ಉರಿಯುತ್ತಲೇ ಇರುವ ಗಾಡಿಯಲ್ಲಿ ಆ ಭರವಸೆಯಿಲ್ಲ. ದೀಪದ ಮೇಲೆ ಕರಿ ಟೇಪ್ ಅಂಟಿಸಬೇಡಿ, ಬಲ್ಬ್ ಕೀಳಿಸಬೇಡಿ. ಬೀದರಿಗೋ ಉದಗೀರಿಗೋ ಹೊರಡುವ ಮೊದಲು ಬಲ್ಲವರಿಗೆ ಒಮ್ಮೆ ತೋರಿಸಿ.