ತೊಂಬತ್ತೆರಡು ಮೀಟರಿನ ಚಪ್ಪಾಳೆ

ಸಿರುಗುಪ್ಪ, 2024ರ ಆಗಸ್ಟ್ 8. ರಾತ್ರಿ ಹನ್ನೆರಡಕ್ಕೆ ಐದು ನಿಮಿಷ.

ಅಕ್ಕಿ ಗಿರಣಿಯೊಂದರ ಕಚೇರಿ. ಗೋಡೆಗೆ ಟಿವಿ, ಕೋಣೆ ತುಂಬ ತೌಡಿನ ವಾಸನೆ. ನೋಡಲು ಕೂತವರು ಒಂಬತ್ತು ಜನ: ಐವರು ಹಮಾಲರು, ಗುಮಾಸ್ತ, ಆದೋನಿಗೆ ಲೋಡು ಒಯ್ಯಬೇಕಿದ್ದ ಲಾರಿ ಡ್ರೈವರ್, ಅವನ ಕ್ಲೀನರ್, ಮತ್ತೆ ನಾನು. ಪ್ಯಾರಿಸ್‌ನಲ್ಲಿ ಜಾವೆಲಿನ್ ಫೈನಲ್. ನೀರಜ್ ಚೋಪ್ರಾನ ಮೊದಲ ಎಸೆತ ಫೌಲ್ ಆಯಿತು. ಎರಡನೇ ಸುತ್ತಿನಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ ಓಡಿ ಬಂದು ಒಗೆದ. ಭರ್ಜಿಗೆ ನೆಲಕ್ಕಿಳಿಯುವ ಮನಸ್ಸೇ ಇಲ್ಲವೇನೋ ಅನ್ನಿಸಿತು. 92.97 ಮೀಟರ್. 2008ರಿಂದ ನಾರ್ವೆಯ ಥೋರ್ಕಿಲ್ಡ್‌ಸನ್ ಹೆಸರಲ್ಲಿದ್ದ 90.57ರ ಒಲಿಂಪಿಕ್ ದಾಖಲೆ ಆ ಒಂದೇ ಎಸೆತಕ್ಕೆ ಹೋಯಿತು.

ಕೋಣೆ ತಣ್ಣಗಾಯಿತು. ನಮ್ಮ ಬಂಗಾರ ಕೈಬಿಟ್ಟಿತು ಎಂಬುದು ಯಾರೂ ಬಾಯಿಬಿಟ್ಟು ಹೇಳದೆಯೇ ಎಲ್ಲರಿಗೂ ತಿಳಿಯಿತು. ಆಗ ಹಿರಿಯ ಹಮಾಲರೊಬ್ಬರು, ಅರವತ್ತರ ಆಚೆಯವರು, ಎರಡೂ ಅಂಗೈ ಸೇರಿಸಿ ಒಂದೇ ಒಂದು ಚಪ್ಪಾಳೆ ಹೊಡೆದರು. "ಏನ್ ಒಗದಾನಲೇ ಯಪ್ಪಾ!" ಅಂದರು. ಮೂಟೆ ಹೊತ್ತು ಹೊತ್ತು ದಡ್ಡುಗಟ್ಟಿದ ಕೈಗಳು, ಸದ್ದು ಗಟ್ಟಿಯಾಗಿಯೇ ಬಂತು. ಯಾರೂ ಅವರನ್ನು ತಡೆಯಲಿಲ್ಲ, ತಿರುಗಿಯೂ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ನೀರಜ್ 89.45 ಒಗೆದಾಗ ಅದೇ ಕೋಣೆ ಮಾಳಿಗೆ ಹಾರುವಂತೆ ಕೂಗಿತು. ಮೊದಲು ಕೂಗಿದವರೂ ಅವರೇ.

ಆ ಒಂಟಿ ಚಪ್ಪಾಳೆ ಎಲ್ಲಿಂದ ಬಂತು? ಈ ನೋಟ್‌ಬುಕ್ಕನ್ನು ನಾನು ತೆರೆದದ್ದೇ ಆ ಪ್ರಶ್ನೆಗೆ.

(ಎರಡು ದಿನ ಕಳೆದು, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತು. ಭತ್ತದ ಸೀಮೆಯ ನಾವೆಲ್ಲ ವಾರವಿಡೀ ಬೇರೆ ಮಾತಾಡಲಿಲ್ಲ. ಹಾಗಾಗಿ ಈ ಕಡೆಯ ಜನಕ್ಕೆ ನೀರಜನ ಆ ಬೆಳ್ಳಿ ಪದಕ "ಗೇಟು ಹೋದ ವಾರದ್ದು" ಎಂದೇ ನೆನಪು.)

*

ಬಳ್ಳಾರಿ. ಮುನ್ಸಿಪಲ್ ಮೈದಾನದ ಪಕ್ಕ ವಗ್ಗರಣೆ-ಮಿರ್ಚಿ ತಿನ್ನುತ್ತಾ ಕೇಳಿಸಿಕೊಂಡ ಮಾತು: "ಎಷ್ಟಾದ್ರೂ ನೀರಜ್ ನಮ್ಮ ಹುಡುಗ. ತೋರಣಗಲ್ಲಿನ್ಯಾಗ ತಯಾರಾದಾಂವ."

ಹುಡುಗ ಹರಿಯಾಣದ ಪಾಣಿಪತ್ ಜಿಲ್ಲೆಯ ಖಂಡ್ರಾ ಗ್ರಾಮದವನು. ಆದರೂ ಆ ಮಾತು ಪೂರ್ತಿ ಸುಳ್ಳಲ್ಲ. ಇಲ್ಲಿಂದ ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿ, ಜೆಎಸ್‌ಡಬ್ಲ್ಯೂದವರು 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರು ಮಾಡಿದರು. ಅಥ್ಲೆಟಿಕ್ಸ್, ಬಾಕ್ಸಿಂಗ್, ಕುಸ್ತಿ, ಜೂಡೋ ಕಲಿಯುವ ಮಕ್ಕಳು ಅಲ್ಲೇ ಉಳಿಯುತ್ತಾರೆ. 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಾದ ಮೇಲೆ ನೀರಜ್ ಚೇತರಿಸಿಕೊಳ್ಳಲು ಬಂದದ್ದು ಅಲ್ಲಿಗೆ. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ 87.58 ಮೀಟರ್ ಎಸೆದು ಬಂಗಾರ ಗೆದ್ದದ್ದು ಅದಾದ ಎರಡು ವರ್ಷಕ್ಕೆ. ಅದರ ಮರುತಿಂಗಳೇ ರಾಷ್ಟ್ರೀಯ ಪುರುಷರ ಬಾಕ್ಸಿಂಗ್ ಚಾಂಪಿಯನ್‌ಶಿಪ್ ಕೂಡ ಅದೇ ಆವರಣದಲ್ಲಿ ನಡೆಯಿತು.

ನನಗೆ ಬಿಡಿಸಲಾಗದ್ದು ಇದು. ಮಿರ್ಚಿ ಅಂಗಡಿಯವನು ನೀರಜನನ್ನು ಕಣ್ಣಾರೆ ಕಂಡಿಲ್ಲ. ಆ ಸಂಸ್ಥೆಯ ಗೇಟಿನ ಒಳಗೆ ಕಾಲಿಟ್ಟವನೂ ಅಲ್ಲ. ಅದಿರಿನ ಕೆಂಪು ಧೂಳು ಇಬ್ಬರ ಮೈಮೇಲೂ ಕೂತಿದೆ ಅನ್ನುವುದಷ್ಟೇ ನಂಟು. "ನಮ್ಮವನು" ಅನ್ನಲು ಅಷ್ಟು ಸಾಕಾಗುತ್ತದೆ ಎಂದಾದರೆ, ಯಾರನ್ನಾದರೂ ಪರಕೀಯ ಅನ್ನಲು ಎಷ್ಟು ಬೇಕಾಗುತ್ತದೆ?

ಶಿರಸಿಯ ಕಡೆಯ ಕಾಶಿನಾಥ ನಾಯ್ಕ ಹೆಸರನ್ನು ಅಂಗಡಿಯಲ್ಲಿ ಯಾರೂ ಎತ್ತಲಿಲ್ಲ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ ಜಾವೆಲಿನ್‌ನಲ್ಲಿ ಕಂಚು ತಂದ ಕನ್ನಡಿಗ ಅವರು. ನಾನೇ ಹೇಳಿದೆ. "ಹೌದೇನ್ರಿ? ಯಾಕ ಗೊತ್ತಾಗ್ಲಿಲ್ಲ ನಮಗ?" ಎಂದು ಅಂಗಡಿಯವನು ನಿಜಕ್ಕೂ ನೊಂದುಕೊಂಡ. ಹುಟ್ಟಿನಿಂದ ನಮ್ಮವರಾದವರು ಮರೆತುಹೋಗುವುದೂ ಉಂಟು. ಈ ಲೆಕ್ಕ ನನಗೆ ಕೂಡಿಬರುತ್ತಿಲ್ಲ.

*

ಕುರುಗೋಡು. ದೊಡ್ಡಬಸವೇಶ್ವರನ ಗುಡಿಗೆ ಹೋಗಿ ಬರುವಾಗ ಬಯಲಿನಲ್ಲಿ ಏಳೆಂಟು ಹುಡುಗರು ಜೋಳದ ದಂಟು ಒಗೆಯುತ್ತಿದ್ದರು. ಗೆರೆ ಎಳೆದಿದ್ದರು, ಓಡಿ ಬಂದು ಗೆರೆಯ ಹಿಂದೆಯೇ ನಿಲ್ಲಬೇಕು. ದೂರ ಅಳೆಯುವುದು ಹೆಜ್ಜೆಯಲ್ಲಿ. ಹೆಜ್ಜೆ ಹಾಕಲು ತಂಡದಲ್ಲೇ ಅತಿ ಕುಳ್ಳನನ್ನು ನೇಮಿಸಿದ್ದರು. ಅವನ ಹೆಜ್ಜೆ ಸಣ್ಣದು, ಅಂಕಿ ದೊಡ್ಡದು ಬರುತ್ತದೆ.

ಜಗಳ ಒಂದೇ ವಿಷಯಕ್ಕೆ. ದಂಟು ಅಡ್ಡಡ್ಡ ಬೀಳುತ್ತದೆ, ತುದಿ ಮೊದಲು ನೆಲಕ್ಕೆ ತಾಗಿತೋ ಇಲ್ಲವೋ ತಿಳಿಯುವುದಿಲ್ಲ. ಇದೇ ಜಗಳ ದೊಡ್ಡವರಿಗೂ ಇತ್ತು ಎಂದು ಆ ಮಕ್ಕಳಿಗೆ ಕೂತು ಹೇಳಿದೆ. 1984ರಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ 104.80 ಮೀಟರ್ ಎಸೆದ. ಹೀಗೇ ಬಿಟ್ಟರೆ ಭರ್ಜಿ ಓಟಗಾರರ ಹಾದಿಗೇ ಬಂದು ಬೀಳುತ್ತದೆ ಎಂಬ ಭಯ ಒಂದು ಕಡೆ, ಅಡ್ಡ ಬಿದ್ದ ಎಸೆತಗಳ ತಕರಾರು ಇನ್ನೊಂದು ಕಡೆ. 1986ರಲ್ಲಿ ಪುರುಷರ 800 ಗ್ರಾಮಿನ ಭರ್ಜಿಯ ಭಾರಕೇಂದ್ರವನ್ನು ಸ್ವಲ್ಪ ಮುಂದಕ್ಕೆ ತಂದರು. ಅಂದಿನಿಂದ ಮೂತಿ ಬೇಗ ಬಾಗುತ್ತದೆ, ತುದಿ ನೆಲಕ್ಕೆ ನೆಡುತ್ತದೆ. ಹಳೆಯ ದಾಖಲೆ ಹಳೆಯ ಭರ್ಜಿಯ ಜೊತೆಗೇ ಉಳಿಯಿತು. ಮುಂದೆ ಆ ಉವೆ ಹೋನ್ ನೀರಜನಿಗೆ ಕೋಚ್ ಕೂಡ ಆಗಿದ್ದ. ಹುಡುಗರಲ್ಲಿ ಒಬ್ಬ ಆಗಲೇ ದಂಟಿನ ತುದಿಗೆ ಹಸಿಮಣ್ಣು ಮೆತ್ತತೊಡಗಿದ.

ಆಟ ಮತ್ತೆ ಶುರುವಾದಾಗ ಪ್ರತಿಯೊಬ್ಬನಿಗೂ ಒಂದು ಹೆಸರು. ನೀರಜ್ ಆಗಲು ಮೂವರ ಪೈಪೋಟಿ. ಎಲ್ಲರಿಗಿಂತ ಉದ್ದನೆಯ ಹುಡುಗ ಮಾತ್ರ ಪೈಪೋಟಿಗೆ ಬೀಳದೆ "ನಾ ನದೀಮ್" ಅಂದ. ಯಾಕೋ ಎಂದೆ. "ಅಂವಂದೇ ದೂರ ಹೋಗೈತಲ್ರಿ." ಮಗು ಹೇಳಿದ್ದರಲ್ಲಿ ಅದಕ್ಕಿಂತ ಹೆಚ್ಚಿನ ಅರ್ಥ ನಾನು ಹುಡುಕಬಾರದೇನೋ.

*

ಈ ಸೀಮೆಯ ಜಾತ್ರೆಗಳ ಕುಸ್ತಿ ಕಣವನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆದೋನಿ ಕಡೆಯಿಂದ, ಮಹಾರಾಷ್ಟ್ರದ ಕಡೆಯಿಂದ ಪೈಲ್ವಾನರು ಬರುತ್ತಾರೆ. ನಮ್ಮೂರ ಪೈಲ್ವಾನ ಚಿತ್ ಆದರೆ ಜನ ಒಂದು ಗಳಿಗೆ ಗೋಳಾಡುತ್ತಾರೆ. ಆಮೇಲೆ ಗೆದ್ದವನನ್ನೇ ಹೆಗಲ ಮೇಲೆ ಹೊತ್ತು ಹಲಗೆ ಬಡಿಸುತ್ತಾ ತಿರುಗುತ್ತಾರೆ, ನೋಟು ಚುಚ್ಚುತ್ತಾರೆ, ಬೆಳ್ಳಿ ಕಡಗ ತೊಡಿಸುತ್ತಾರೆ. ಸೋತವನ ಮಾವನೇ ಹೆಗಲು ಕೊಟ್ಟದ್ದನ್ನು ಒಮ್ಮೆ ಕಂಡಿದ್ದೇನೆ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಯಾವುದು ಯಾರದು ಎಂದು ಅಷ್ಟು ಕಾವಿನಿಂದ ವಾದಿಸಿದ ಜಿಲ್ಲೆ ಇದು. ಆದರೆ ಬಳ್ಳಾರಿ ರಾಘವರು ತೆಲುಗು ನಾಟಕಕ್ಕೂ ಕನ್ನಡ ನಾಟಕಕ್ಕೂ ಬಣ್ಣ ಹಚ್ಚಿದರೆ ಜನ ಎರಡಕ್ಕೂ ನೆರೆಯುತ್ತಿದ್ದರು. ಸಿರುಗುಪ್ಪದ ಸಂತೆಯಲ್ಲಿ ಇಂದಿಗೂ ಒಂದೇ ವಾಕ್ಯ ಕನ್ನಡದಲ್ಲಿ ಹುಟ್ಟಿ ತೆಲುಗಿನಲ್ಲಿ ಮುಗಿಯುತ್ತದೆ. ಗಡಿಯ ಬಗ್ಗೆ ಜಗಳವಾಡಿದವರೇ ಗಡಿಯಾಚೆಯ ಪೈಲ್ವಾನನನ್ನು ಹೊರುತ್ತಾರೆ. ಗಿರಣಿಯ ಹಿರಿಯರ ಚಪ್ಪಾಳೆ ಈ ಕಣದಿಂದ ಬಂದಿರಬಹುದೇ? ಬರೆದಿಟ್ಟಿದ್ದೇನೆ, ಖಚಿತವಿಲ್ಲ.

*

2025ರ ಏಪ್ರಿಲ್ ಕೊನೆ. ಈ ಪುಟವನ್ನು ಮೂರು ಸಲ ಹರಿದೆ.

ನೀರಜ್ ತನ್ನ ಹೆಸರಿನ ಜಾವೆಲಿನ್ ಕೂಟಕ್ಕೆ ನದೀಮನನ್ನೂ ಕರೆದಿದ್ದ. ಆಹ್ವಾನ ಹೋದದ್ದು ಪಹಲ್ಗಾಮ್ ದಾಳಿಗೆ ಮೊದಲು. ಏಪ್ರಿಲ್ 22ರ ನಂತರ ಜನ ನೀರಜನ ಮೇಲೆಯೇ ಮುಗಿಬಿದ್ದರು, ಅವನ ಮನೆಯವರನ್ನೂ ಬಿಡಲಿಲ್ಲ. ತನ್ನ ದೇಶಪ್ರೇಮಕ್ಕೆ ತಾನೇ ಸಾಕ್ಷಿ ಹೇಳಿಕೊಳ್ಳಬೇಕಾಯಿತು ಅವನಿಗೆ. ಸೇನೆಯಲ್ಲಿರುವವನು! ಅಷ್ಟರಲ್ಲಿ ನದೀಮ್ ಏಷ್ಯನ್ ಚಾಂಪಿಯನ್‌ಶಿಪ್ ತಯಾರಿಯ ಕಾರಣ ಹೇಳಿ ಬರಲಾಗದು ಎಂದಿದ್ದ.

ನನ್ನ ಓಣಿಯಲ್ಲೂ ಅದೇ ಸಿಟ್ಟು. ಪ್ಯಾರಿಸ್ ಫೈನಲ್ ಮರುದಿನ, ನೀರಜನ ತಾಯಿ ನದೀಮನೂ ತನ್ನ ಮಗನಂತೆ ಅಂದದ್ದನ್ನು, ನದೀಮನ ತಾಯಿಯೂ ನೀರಜನ ಬಗ್ಗೆ ಹಾಗೇ ಅಂದದ್ದನ್ನು ಕಣ್ಣೊರೆಸಿಕೊಂಡು ಹೇಳಿದ್ದ ಗೆಳೆಯನೊಬ್ಬ ಈಗ ನೀರಜನನ್ನು ಬಾಯಿಗೆ ಬಂದಂತೆ ಬೈದ. ಅವನ ಅಕ್ಕನ ಮಗ ಗಡಿಯಲ್ಲಿದ್ದಾನೆ. ಅವನ ಸಂಕಟ ಸುಳ್ಳು ಎಂದು ನಾನು ಹೇಗೆ ಅನ್ನಲಿ? ಎಂಟು ತಿಂಗಳ ಹಿಂದಿನ ಅವನ ಕಣ್ಣೀರು ಸುಳ್ಳು ಎಂದೂ ಅನ್ನಲಾರೆ. ಎರಡೂ ಒಂದೇ ಎದೆಯವು. ಅವನ ಜೊತೆ ವಾದಿಸಲಿಲ್ಲ. ಚಹಾ ಕುಡಿದು ಎದ್ದೆವು.

*

ಬೆಂಗಳೂರು, ಶ್ರೀ ಕಂಠೀರವ ಕ್ರೀಡಾಂಗಣ, 2025ರ ಜುಲೈ 5.

ಮೇ 24ಕ್ಕೆ ನಡೆಯಬೇಕಿದ್ದ ಕೂಟ ಮುಂದಕ್ಕೆ ಹೋಗಿ ಈ ಶನಿವಾರ ಸಂಜೆಗೆ ಕೂಡಿಬಂತು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬಳ್ಳಾರಿಯಿಂದ ನಾಲ್ವರು ಬಂದಿದ್ದೆವು. ಕ್ರಿಕೆಟ್ ಅಲ್ಲದ ಆಟಕ್ಕೆ ಇಷ್ಟು ಜನವನ್ನು ನಾನು ಕಂಡದ್ದಿಲ್ಲ.

ಹನ್ನೆರಡು ಎಸೆತಗಾರರು. ರಿಯೊ ಒಲಿಂಪಿಕ್ಸ್‌ನ ಬಂಗಾರದ ಜರ್ಮನಿಯ ಥಾಮಸ್ ರೋಲರ್ ಇದ್ದ. ಅಲ್ಲಿಯೇ ಬೆಳ್ಳಿ ಗೆದ್ದ ಕೀನ್ಯಾದ ಜೂಲಿಯಸ್ ಯೆಗೊ ಇದ್ದ. ಯೆಗೊ ಯೂಟ್ಯೂಬ್ ನೋಡಿ ಎಸೆಯಲು ಕಲಿತವನು, 2015ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 92.72 ಎಸೆದವನು. ಅವನು ಓಟಕ್ಕೆ ಮುಂಚೆ ಎರಡೂ ಕೈ ತಲೆಯ ಮೇಲೆತ್ತಿ ತಟ್ಟಿದ. ಎಲ್ಲ ಬ್ಲಾಕುಗಳೂ ಅವನ ತಾಳಕ್ಕೆ ತಟ್ಟತೊಡಗಿದವು, ನಿಧಾನಕ್ಕೆ, ಆಮೇಲೆ ಬಿರುಸಾಗಿ, ಭರ್ಜಿ ಕೈಬಿಟ್ಟ ಕ್ಷಣಕ್ಕೆ "ಓ..." ಎಂಬ ಒಂದೇ ಉದ್ಗಾರ. ನನ್ನ ಪಕ್ಕದ ಕಾಲೇಜು ಹುಡುಗಿ "ಹೋಗ್ ಹೋಗ್ ಹೋಗ್" ಎಂದು ಭರ್ಜಿಯನ್ನು ಅಟ್ಟುತ್ತಿದ್ದಳು. ಅದು ದೂರ ಹೋದಷ್ಟೂ ನೀರಜನಿಗೆ ತೊಂದರೆ. ಅವಳ ಕೆನ್ನೆಯ ಮೇಲೆ ತ್ರಿವರ್ಣ ಬರೆದಿತ್ತು.

ನೀರಜ್ ಮೊದಲ ಎಸೆತ ಫೌಲ್ ಮಾಡಿ, ಮೂರನೆಯದರಲ್ಲಿ 86.18 ಹಾಕಿ ಗೆದ್ದ. ಯೆಗೊ 84.51. ಶ್ರೀಲಂಕಾದ ರುಮೇಶ್ ಪತಿರಗೆ 84.34. ಮೂವರಿಗೂ ಜನ ಎದ್ದು ನಿಂತರು.

ರಾತ್ರಿ ರೈಲಿನಲ್ಲಿ ಹೊಳೆದದ್ದು: ಜಾವೆಲಿನ್‌ನಲ್ಲಿ ಎದುರಾಳಿ ಎದುರಿಗೆ ನಿಲ್ಲುವುದಿಲ್ಲ. ಬೌಲರ್ ಹಾಗೆ ವಿಕೆಟ್ ಕೀಳುವುದಿಲ್ಲ, ಗೋಲ್‌ಕೀಪರ್ ಹಾಗೆ ತಡೆಯುವುದಿಲ್ಲ. ನದೀಮ್ ಎಷ್ಟೇ ದೂರ ಎಸೆದರೂ ನೀರಜನ ಭರ್ಜಿಯಿಂದ ಒಂದು ಗೇಣು ಕಡಿಮೆಯಾಗುವುದಿಲ್ಲ. ಅದಕ್ಕೇ ನೋಡುಗನ ಮನಸ್ಸು ಸಡಿಲವಾಗಿರುತ್ತದೆಯೇ? ಹಾಗಂದುಕೊಂಡು ನೆಮ್ಮದಿಯಾಗಬೇಕು ಅನ್ನುವಷ್ಟರಲ್ಲಿ ಕುಸ್ತಿ ನೆನಪಾಯಿತು. ಅಲ್ಲಿ ಒಬ್ಬ ಇನ್ನೊಬ್ಬನನ್ನು ಮಣ್ಣಿಗೇ ಹಾಕುತ್ತಾನೆ, ಆದರೂ ಜನ ಗೆದ್ದವನನ್ನು ಹೊರುತ್ತಾರೆ. ಗುಂತಕಲ್ ಬರುವ ಹೊತ್ತಿಗೆ ನನ್ನ ವಾದ ಬಿದ್ದುಹೋಗಿತ್ತು.

*

ಬಳ್ಳಾರಿ, ಸೆಪ್ಟೆಂಬರ್ 14. ದುಬೈನಲ್ಲಿ ಏಷ್ಯಾ ಕಪ್ ಕ್ರಿಕೆಟ್, ಭಾರತ-ಪಾಕಿಸ್ತಾನ. ಪಂದ್ಯ ಮುಗಿದ ಮೇಲೆ ಎರಡು ತಂಡಗಳೂ ಕೈಕುಲುಕಲಿಲ್ಲ. ಬೀದಿಯಲ್ಲಿ ಪಟಾಕಿ. ನಾನೂ ಗೆಲುವಿಗೆ ಹಿಗ್ಗಿದೆ. ಕೈಕುಲುಕದ್ದನ್ನು ನೋಡುವಾಗ 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಶಿಪ್ ಕಣ್ಣ ಮುಂದೆ ಬಂತು: ನೀರಜ್ 88.17, ನದೀಮ್ 87.82. ಫೋಟೋಗೆ ನಿಲ್ಲುವಾಗ ಧ್ವಜ ಕೈಯಲ್ಲಿಲ್ಲದೆ ದೂರ ಉಳಿದಿದ್ದ ನದೀಮನನ್ನು ನೀರಜ್ ಕರೆದು ತನ್ನ ಪಕ್ಕಕ್ಕೆ ನಿಲ್ಲಿಸಿಕೊಂಡಿದ್ದ. ಎರಡನ್ನೂ ಕಂಡದ್ದು ಇದೇ ಕಣ್ಣು. ಮುಂದೆ ಏನೂ ಬರೆಯಲಾಗಲಿಲ್ಲ.

*

ಸಿರುಗುಪ್ಪ, ಸೆಪ್ಟೆಂಬರ್ 18, ಇಳಿಹೊತ್ತು. ಅದೇ ಗಿರಣಿ, ಅದೇ ಟಿವಿ. ಟೋಕಿಯೋದಲ್ಲಿ ವಿಶ್ವ ಚಾಂಪಿಯನ್‌ಶಿಪ್ ಫೈನಲ್. ನೀರಜ್ 84.03ಕ್ಕೆ ನಿಂತು ಎಂಟನೆಯವನಾದ. ನದೀಮ್ ಹತ್ತನೆಯವನು. ಉತ್ತರ ಪ್ರದೇಶದ ಸಚಿನ್ ಯಾದವ್ 86.27 ಎಸೆದು ನಾಲ್ಕನೆಯವನಾದ, ಪದಕಕ್ಕೆ ಅರ್ಧ ಮೀಟರೂ ಕಡಿಮೆ ಇರಲಿಲ್ಲ. ಹಮಾಲರು ಹಣೆ ಚಚ್ಚಿಕೊಂಡರು.

88.16 ಎಸೆದು ಬಂಗಾರ ಗೆದ್ದವನು ಕೆಶಾರ್ನ್ ವಾಲ್ಕಾಟ್. 2012ರಲ್ಲಿ ಲಂಡನ್‌ನಲ್ಲಿ ಹತ್ತೊಂಬತ್ತರ ಹರೆಯಕ್ಕೇ ಒಲಿಂಪಿಕ್ ಚಿನ್ನ ಗೆದ್ದಿದ್ದವನು, ಹದಿಮೂರು ವರ್ಷ ಬಿಟ್ಟು ಮತ್ತೆ ಮೇಲೆ ನಿಂತಿದ್ದ.

"ಯಾ ಊರಾಂವ?" ಆ ಹಿರಿಯರು ಕೇಳಿದರು.

"ಟ್ರಿನಿಡಾಡ್," ಅಂದ ಗುಮಾಸ್ತ.

"ಅದೆಲ್ಲೈತಿ?"

ಗುಮಾಸ್ತ ಫೋನಿನಲ್ಲಿ ನಕ್ಷೆ ತೆಗೆದ. ಐವರೂ ತಲೆ ಬಗ್ಗಿಸಿದರು. ನೀಲಿ ಸಮುದ್ರದ ನಡುವೆ ಅಕ್ಕಿಕಾಳಿನಷ್ಟು ನೆಲ. ಹಿರಿಯರು ಬೆರಳಿಟ್ಟು ನೋಡಿದರೆ ಬೆರಳೇ ದ್ವೀಪವನ್ನು ಮುಚ್ಚಿತು. "ಇಷ್ಟಾ ಊರಿಂದ ಬಂದಾನಾ?" ಎಂದು ಬೆರಳು ಎತ್ತಿ ಮತ್ತೆ ನೋಡಿದರು. ಆಮೇಲೆ ಹೆಗಲ ಮೇಲಿನ ಟವೆಲು ಕೊಡವಿ, ಟಿವಿಯ ಕಡೆ ತಿರುಗಿ, ಕೈ ತಟ್ಟಿದರು.